ರಾಜ ಕುದುರೆಯಂತೆ ಜಿಗಿದದ್ದು

ಕುಷ್ಟಗಿ
15 ಜೂನ್ 2025, ಭಾನುವಾರ

ಅಪ್ಪನಿಗೆ ಹೇಮಾವತಿಯ ನಮಸ್ಕಾರ.

ಪತ್ರದಲ್ಲಿ ಹಿರಿಯರನ್ನು ‘ನೀವು’ ಎನ್ನಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ನಿನ್ನನ್ನು ನೀವು ಎಂದರೆ ನೀರಾವರಿ ಇಲಾಖೆಗೆ ಅರ್ಜಿ ಹಾಕಿದಂತಾಗುತ್ತದೆ. ಹಾಗಾಗಿ ನೀನು ಎಂದೇ ಬರೆಯುತ್ತೇನೆ.

ಒಂದೂವರೆ ತಾಸಿನ ದಾರಿಯಲ್ಲಿದ್ದುಕೊಂಡು ಮಗಳು ಪತ್ರ ಬರೆಯುತ್ತಾಳಲ್ಲ ಎಂದು ಅವ್ವ ನಗಬಹುದು. ಏನು ಮಾಡಲಿ? ಫೋನ್ ಮಾಡಿದರೆ ನಿನಗೆ ಕೇಳಿಸುವುದಿಲ್ಲ. ಕಿವಿಗೆ ಹಾಕುವ ಮಷೀನು ತಂದುಕೊಟ್ಟರೆ ಡಬ್ಬಿಯಲ್ಲಿಟ್ಟು ದೇವರ ಮಾಡದಲ್ಲಿ ಇಟ್ಟಿದ್ದೀ. ವಾಟ್ಸಾಪಿನಲ್ಲಿ ನಾನು ಒಂದು ಪುಟ ಬರೆದರೆ ನಿನ್ನಿಂದ ಬರುವುದು ಒಂದು ಹೆಬ್ಬೆಟ್ಟು. ಮುನಿರಾಬಾದಿನ ಅರ್ಧ ಕಾಲನಿಗೆ ರಜೆ ಚೀಟಿ ಬರೆದುಕೊಟ್ಟ ಗ್ಯಾನಪ್ಪ ಮಗಳಿಗೆ ಹೆಬ್ಬೆಟ್ಟು ಒತ್ತುವುದೇ? ಕಾಗದ ಕಂಡರಾದರೂ ನಿನ್ನ ಕೈ ಸುಮ್ಮನಿರಲಾರದು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಅಪ್ಪ, ನಾನು ಮತ್ತೆ ಚದುರಂಗ ಆಡುತ್ತಿದ್ದೇನೆ.

ಆ ಗಂಗಾವತಿಯ ದಿನದ ನಂತರ ನಮ್ಮ ಮನೆಯಲ್ಲಿ ಈ ಆಟದ ಹೆಸರನ್ನು ಯಾರೂ ಎತ್ತಿಲ್ಲವಲ್ಲ. ನಿಜ ಹೇಳಬೇಕೆಂದರೆ ನಾಲ್ಕು ವರ್ಷದಿಂದ ಫೋನಿನಲ್ಲಿ ಕದ್ದು ಆಡುತ್ತಿದ್ದೆ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತದ ಮಷೀನು ತಿರುಗುವಷ್ಟು ಹೊತ್ತು ನನಗೆ ಬಿಡುವು. ಯಾವ ದೇಶದವನೋ, ಯಾವ ಮುಖದವನೋ, ಗೆದ್ದರೂ ಸೋತರೂ ಕೇಳುವವರಿಲ್ಲ. ಅದೇ ಹಿತವಾಗಿತ್ತು.

ಹೋದ ತಿಂಗಳು ನಮ್ಮ ಓಣಿಯ ಹೊಲಿಗೆ ತರಗತಿಯ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: ‘ಪ್ರತಿ ಭಾನುವಾರ ಹತ್ತು ಗಂಟೆಗೆ ಚದುರಂಗ ಕೂಟ. ಯಾರು ಬೇಕಾದರೂ ಬರಬಹುದು.’ ಎರಡು ಭಾನುವಾರ ಬಾಗಿಲ ತನಕ ಹೋಗಿ ಪಿನ್ನು ಕೊಳ್ಳಲು ಬಂದವಳಂತೆ ತಿರುಗಿ ಬಂದೆ. ಮೂರನೆಯ ಸಲ ಹೊಲಿಗೆ ಟೀಚರ್ ಶಾಹಜಾದಬಿ ಹಿಡಿದೇಬಿಟ್ಟರು. “ಬಾರವ್ವಾ ಒಳಗ. ಬಾಗಲದಾಗ ನಿಂತು ನೋಡಿದ್ರ ಆಟ ಬರ್ತೈತೇನು?”

ಅಲ್ಲಿ ಮೇಜುಗಳಿಲ್ಲ. ಹೊಲಿಗೆ ಮಷೀನುಗಳ ತಲೆಯನ್ನು ಒಳಕ್ಕೆ ಮಡಚಿ, ಹಲಗೆ ಮುಚ್ಚಿ, ಅದರ ಮೇಲೆ ಚದುರಂಗದ ಹಾಳೆ ಹಾಸುತ್ತಾರೆ. ಬೆಲ್ಟು ತೆಗೆದಿಟ್ಟಿದ್ದರೂ ಕೆಳಗೆ ಪೆಡಲು ಇದೆಯಲ್ಲ, ಆಡುವವರ ಕಾಲು ಸುಮ್ಮನಿರುವುದಿಲ್ಲ. ಸೋಲುವ ಹೊತ್ತಿಗೆ ಎಲ್ಲರೂ ತುಳಿಯುತ್ತಾರೆ.

ನನ್ನ ಎದುರು ಕೂತದ್ದು ಅಬ್ದುಲರೌಫ, ಬೋರಿನ ಮೋಟರ್ ರಿಪೇರಿ ಮಾಡುವವರು. ನಾನು ಕುದುರೆಯ ಮೇಲೆ ಬೆರಳಿಟ್ಟು, ಬೇಡವೆಂದು ಬಿಟ್ಟೆ. “ಮುಟ್ಟಿದ ಕಾಯಿ ನಡಸಬೇಕ್ರಿ ಮೇಡಮ್ಮಾರ. ಇದು ಫೋನಲ್ರಿ,” ಎಂದರು. ಕುದುರೆ ನಡೆಸಿದೆ, ಕುದುರೆ ಸತ್ತಿತು. ಆಮೇಲೆ ನಡೆ ಮುಗಿಸಿ ಗಡಿಯಾರ ಒತ್ತುವುದನ್ನು ಮರೆತು, ಅವರು ಯಾಕೆ ಆಡುತ್ತಿಲ್ಲ ಎಂದು ಕಾಯುತ್ತಾ ಕೂತೆ. ಫೋನಿನಲ್ಲಿ ಅದು ತಾನೇ ಓಡುತ್ತದೆ. ಎದುರು ಒಬ್ಬ ಮನುಷ್ಯ ಕೂತು ನಮ್ಮ ಕೈಯನ್ನು ನೋಡುತ್ತಾನೆ ಎಂಬುದು ನನಗೆ ಮರೆತೇಹೋಗಿತ್ತು.

ಸೋತೆ. ಆದರೂ ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ನೀನು ಒಂದು ಭಾನುವಾರ ಬಂದು ನನ್ನ ಎದುರು ಕೂರುತ್ತೀಯಾ? ಇಷ್ಟನ್ನು ಕೇಳಲಿಕ್ಕೇ ಎರಡು ಪುಟ ಬರೆದೆ.

ನಿನ್ನ ಮಗಳು
ಹೇಮಾವತಿ

*

ಮುನಿರಾಬಾದ್
29 ಜೂನ್ 2025

ಹೇಮವ್ವಗೆ ಆಶೀರ್ವಾದ.

ಪತ್ರ ಮುಟ್ಟಿತು. ನಿಮ್ಮವ್ವನಿಗೆ ಓದಿ ಹೇಳಿದೆ. ಬಾಗಿಲ ತನಕ ಹೋಗಿ ತಿರುಗಿ ಬಂದದ್ದು ಕೇಳಿ, “ಥೇಟ್ ಅಪ್ಪನ ಮಗಳು,” ಎಂದಳು. ನಿನ್ನ ತಮ್ಮ ಹನುಮೇಶನ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿದೆ. ಮಳೆ ಒಂದು ದಿನ ಬಂದರೆ ಮೂರು ದಿನ ಇಲ್ಲ.

ಆಡುತ್ತಿರುವುದು ಒಳ್ಳೆಯದು. ಮನುಷ್ಯರ ಎದುರು ಆಡುವುದು ಇನ್ನೂ ಒಳ್ಳೆಯದು. ಕಾಲುವೆ ಗೇಟನ್ನು ಆಫೀಸಿನಲ್ಲಿ ಕೂತು ನಕಾಶೆಯ ಮೇಲೆ ಎತ್ತಿ ಇಳಿಸುವ ಸಾಹೇಬರು ಇದ್ದರು. ದಂಡೆಯ ಮೇಲೆ ನಿಂತವನಿಗೇ ನೀರಿನ ಜೋರು ಗೊತ್ತು.

ನನ್ನ ವಿಷಯ ಬಿಡು. ನಾನು ಆ ಆಟ ಬಿಟ್ಟು ಇಪ್ಪತ್ತೊಂದು ವರ್ಷವಾಯಿತು. ಕಿವಿಯೂ ಇಲ್ಲ. ನಾಲ್ಕು ಜನರ ನಡುವೆ ಕೂತು ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ನನಗೆ ಸಾಕಾಗಿದೆ. ಹೋದ ತಿಂಗಳು ಸತ್ತವರ ಮನೆಯಲ್ಲಿ ನಗುತ್ತಾ ತಲೆಯಾಡಿಸಿ ಬಂದಿದ್ದೇನೆ.

ಮೋಟರ್ ರಿಪೇರಿಯವರ ಎದುರು ಕಾಯಿ ನೋಡಿ ಆಡಿದೆಯೋ ಮುಖ ನೋಡಿ ಆಡಿದೆಯೋ ಬರೆದಿಲ್ಲ. ಎರಡನ್ನೂ ನೋಡಬೇಕು.

ಇಂತಿ ನಿಮ್ಮಪ್ಪ
ಗ್ಯಾನಪ್ಪ

*

ಕುಷ್ಟಗಿ
20 ಜುಲೈ 2025

ಅಪ್ಪ,

ಇವತ್ತು ಕೂಟ ಮುಗಿದ ಮೇಲೆ ನಾನೂ ಶಾಹಜಾದಬಿ ಟೀಚರೂ ಹಾಳೆಗಳನ್ನು ಸುತ್ತಿಡುತ್ತಿದ್ದೆವು. ಅವರು ತಮ್ಮ ತಾಯಿ ಹೇಗೆ ಆಡುತ್ತಿದ್ದರು ಎಂದು ತೋರಿಸಲು ನಾಲ್ಕು ಕಾಯಿ ಹೂಡಿದರು. ರಾಜನನ್ನು ಎತ್ತಿ ಕುದುರೆಯಂತೆ ಎರಡೂವರೆ ಮನೆ ಹಾರಿಸಿದರು.

“ಇದು ತಪ್ಪಲ್ರೀ ಟೀಚರ್?” ಎಂದೆ.

“ತಪ್ಪ್ಯಾಕವ್ವಾ? ನಮ್ಮವ್ವನ ಕಾಲದಾಗ ರಾಜಗ ಒಂದs ಸಲ ಕುದುರಿ ಜಿಗತ ಇರ್ತಿತ್ತು, ಷಹ ಬೀಳೂಕಿಂತ ಮದಲ. ಅದು ದೇಶೀ ಆಟ. ಈಗಿಂದು ಬ್ಯಾರೆ ಕಾಯ್ದಾ. ಎರಡೂ ಖರೇನs.”

ಅಪ್ಪ, ನಾನು ಇಷ್ಟು ವರ್ಷ ಅದನ್ನು ನಿನ್ನ ತಪ್ಪು ಎಂದುಕೊಂಡಿದ್ದೆ. ನಾಲ್ಕು ವರ್ಷ ಫೋನಿನಲ್ಲಿ ಸಾವಿರ ಆಟ ಆಡಿದವಳು ಒಮ್ಮೆಯೂ ಅದನ್ನು ಹುಡುಕಿ ನೋಡಲಿಲ್ಲ. ನೋಡಲು ಧೈರ್ಯವಿರಲಿಲ್ಲ.

ಈಗ ಆ ದಿನದ ಮಾತು ಬರೆದುಬಿಡುತ್ತೇನೆ. ಎದುರು ಕೂತು ಹೇಳಲು ನನಗೆ ಆಗುವುದಿಲ್ಲ.

ಗಂಗಾವತಿಯ ಪಂದ್ಯ. ನನಗೆ ಹನ್ನೆರಡು ವರ್ಷ. ಮರಳಿ ಊರಿನ ಕಾಲುವೆ ಗೇಟಿನ ಚಾವಡಿಯಲ್ಲಿ ನಿನಗೆ ಹಳೆಯ ದಫೇದಾರರು ಕಲಿಸಿದ ಆಟವನ್ನು ನೀನು ನನಗೆ ಕಲಿಸಿದ್ದೆ. ಕಾಲನಿಯಲ್ಲಿ ನನ್ನನ್ನು ಸೋಲಿಸುವವರು ಇರಲಿಲ್ಲ. ಏಳನೆಯ ನಡೆಗೆ ನಾನು ರಾಜನನ್ನು ಜಿಗಿಸಿದೆ. ಎದುರಿನ ಹುಡುಗಿ ಕೈ ಎತ್ತಿದಳು. ಪಂದ್ಯ ನಡೆಸುವ ಮಾಸ್ತರು ಬಂದು ನೋಡಿ ನಕ್ಕರು. ನನ್ನ ಪ್ಯಾದೆ ಒಂದೊಂದೇ ಮನೆ ನಡೆದದ್ದನ್ನೂ ಎಲ್ಲರಿಗೂ ತೋರಿಸಿ ನಕ್ಕರು. “ಯಾರವ್ವಾ ನಿನಗ ಇದನ್ನ ಕಲಿಸಿದವ್ರು?” ಎಂದು ಕೇಳಿದರು. ಇಡೀ ಹಾಲ್ ನಗುತ್ತಿತ್ತು.

ನೀನು ಬಾಗಿಲಲ್ಲಿ ನಿಂತಿದ್ದೆ. ಕಾಲುವೆಯ ಗ್ಯಾಂಗ್‌ಮನ್ ಡ್ಯೂಟಿಯಿಂದ ನೇರವಾಗಿ ಬಂದು, ಖಾಕಿ ಅಂಗಿಯಲ್ಲಿ, ಕೈಯಲ್ಲಿ ನನ್ನ ಬುತ್ತಿ. ನಾನು ನಿನ್ನ ಮುಖ ನೋಡಿದೆ. ಆಮೇಲೆ ಮಾಸ್ತರಿಗೆ ಹೇಳಿದೆ: “ಯಾರೂ ಕಲಿಸಿಲ್ರಿ.”

ಆಗ ನಿನ್ನ ಕಿವಿ ಎಷ್ಟು ಚುರುಕಾಗಿತ್ತೆಂದರೆ ಗೇಟಿನಲ್ಲಿ ನೀರಿನ ಸದ್ದು ಬದಲಾದರೆ ಊಟ ಬಿಟ್ಟು ಏಳುತ್ತಿದ್ದೆ. ನಿನಗೆ ಕೇಳಿಸಿತು ಎಂದು ನನಗೆ ಗೊತ್ತು. ಬಸ್ಸಿನಲ್ಲಿ ನೀನು ಒಂದು ಮಾತೂ ಆಡಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಚದುರಂಗದ ಹಲಗೆಯನ್ನು ಪಂಚೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೆ.

ನಿನಗೆ ನಾಚಿಕೊಂಡೆ ಅಪ್ಪ. ನಿನ್ನ ಅಂಗಿಗೆ, ನಿನ್ನ ಆಟಕ್ಕೆ. ತಪ್ಪಾಯಿತು.

ಹೇಮಾವತಿ

*

ಕುಷ್ಟಗಿ
24 ಆಗಸ್ಟ್ 2025

ಅಪ್ಪ,

ಐದು ವಾರವಾಯಿತು. ಹನುಮೇಶನಿಗೆ ಫೋನ್ ಮಾಡಿದರೆ, “ಅಪ್ಪ ಆರಾಮ ಅದಾನ, ಏನೋ ಬರ್ಯಾಕ್ಹತ್ಯಾನ, ಬರದು ಬರದು ಹರ್ಯಾಕ್ಹತ್ಯಾನ,” ಎನ್ನುತ್ತಾನೆ. ಹರಿದ ತುಂಡುಗಳನ್ನಾದರೂ ಕವರಿನಲ್ಲಿ ಹಾಕಿ ಕಳಿಸು. ಬೈದಿದ್ದರೂ ಸರಿ. ಬೇಕಾದರೆ ಹೆಬ್ಬೆಟ್ಟನ್ನೇ ಒತ್ತು.

ಹೇಮಾ

*

ಮುನಿರಾಬಾದ್
7 ಸೆಪ್ಟೆಂಬರ್ 2025

ಹೇಮವ್ವಗೆ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು. ಇದನ್ನು ಹರಿಯಬಾರದೆಂದು ನಿಮ್ಮವ್ವ ಪಕ್ಕದಲ್ಲೇ ಕೂತಿದ್ದಾಳೆ.

ನೀನು ಅಂದದ್ದು ಅವತ್ತು ನನಗೆ ಕೇಳಿಸಿತು. ಸುಳ್ಳು ಹೇಳುವುದಿಲ್ಲ. ಆದರೆ ನಾನು ತಿಳಿದದ್ದು ಬೇರೆ.

ಎಲ್ಲರೂ ನಗುತ್ತಿದ್ದರು. ನೀನು ಅಲ್ಲಿ ಅಳು ಹಿಡಿದುಕೊಂಡು ನಿಂತಿದ್ದೆ. ಮಾಸ್ತರು ಕೇಳಿದಾಗ ನೀನು ನನ್ನ ಕಡೆ ಬೆರಳು ಮಾಡಿದ್ದರೆ ಆ ಹಾಲಿನ ತಲೆಗಳೆಲ್ಲ ಬಾಗಿಲ ಕಡೆ ತಿರುಗುತ್ತಿದ್ದವು. ನೀನು ಯಾರೂ ಕಲಿಸಿಲ್ಲ ಎಂದೆ. ಹನ್ನೆರಡು ವರ್ಷದ ನನ್ನ ಮಗಳು ಆ ನಗೆಯನ್ನೆಲ್ಲ ತಾನೊಬ್ಬಳೇ ಹೊತ್ತುಕೊಂಡು ಅಪ್ಪನ ಮಾನ ಉಳಿಸಿದಳು ಎಂದು ನಾನು ತಿಳಿದೆ. ನಿನ್ನ ಪತ್ರ ಬರುವ ತನಕ ಹಾಗೇ ತಿಳಿದಿದ್ದೆ. ಬಸ್ಸಿನಲ್ಲಿ ನಾನು ಮಾತಾಡಲಿಲ್ಲ, ನಿಜ. ಬಾಯಿ ತೆರೆದರೆ ಅಳು ಬರುತ್ತಿತ್ತು. ಖಾಕಿ ಹಾಕಿಕೊಂಡವನು ಬಸ್ಸಿನಲ್ಲಿ ಅಳಬಾರದು.

ಹಲಗೆ ಕಟ್ಟಿ ಇಟ್ಟದ್ದು ನಿನ್ನ ಮೇಲಿನ ಸಿಟ್ಟಿಗಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದುಕೊಂಡು ಮಗಳಿಗೆ ಕಲಿಸಿ, ಜನರ ನಡುವೆ ನಿಲ್ಲಿಸಿ ನಗಿಸಿದೆನಲ್ಲ ಎಂಬ ಹೆದರಿಕೆ. ಇನ್ನು ಏನೇನು ತಪ್ಪು ಕಲಿಸಿದ್ದೇನೋ ಎಂದು ನಿನ್ನ ಲೆಕ್ಕ ಪುಸ್ತಕ ನೋಡುವುದನ್ನೂ ಬಿಟ್ಟೆ. ನೀನು ಏನಾದರೂ ಕೇಳಿದರೆ ಮಾಸ್ತರರನ್ನು ಕೇಳು ಎನ್ನುತ್ತಿದ್ದೆ.

ಇನ್ನೊಂದು ಮಾತು. ಅದು ನಿಮ್ಮವ್ವನಿಗೂ ಈಗಷ್ಟೇ ಗೊತ್ತಾಯಿತು. ಆ ಪಂದ್ಯದ ಮರುತಿಂಗಳು ಕೊಪ್ಪಳದ ಗ್ರಂಥಾಲಯಕ್ಕೆ ಹೋಗಿ ಚದುರಂಗದ ಪುಸ್ತಕ ತಂದೆ. ಪ್ಯಾದೆ ಮೊದಲ ಸಲ ಎರಡು ಮನೆ ನಡೆಯಬಹುದು, ರಾಜನೂ ಆನೆಯೂ ಒಂದೇ ನಡೆಯಲ್ಲಿ ಜಾಗ ಬದಲಿಸಬಹುದು, ಎಲ್ಲ ಬರೆದುಕೊಂಡು ಬಾಯಿಪಾಠ ಮಾಡಿದೆ. ನೀನು ಒಂದು ದಿನ, “ಅಪ್ಪಾ, ಹಲಗಿ ತಗಿ,” ಎಂದರೆ ಸರಿಯಾಗಿ ಕಲಿಸೋಣ ಎಂದು ಕಾದೆ. ನೀನು ಕೇಳಲಿಲ್ಲ. ಆಮೇಲೆ ಹೈಸ್ಕೂಲು, ಹಾಸ್ಟೆಲ್ಲು, ನೌಕರಿ. ನಾನೂ ಸುಮ್ಮನಾದೆ.

ಇಬ್ಬರೂ ಒಂದೇ ಕಲ್ಲನ್ನು ಎರಡು ಕಡೆಯಿಂದ ಹೊತ್ತಿದ್ದೇವೆ. ಹುಚ್ಚರು.

28ರ ಭಾನುವಾರ ಬರುತ್ತೇನೆ. ಹಿಟ್ನಾಳ ಕ್ರಾಸಿಗೆ ಹನುಮೇಶ ಬಿಡುತ್ತಾನೆ. ಮಷೀನು ಕಿವಿಗೆ ಹಾಕಿಕೊಂಡು ಬರಬೇಕೆಂದು ನಿಮ್ಮವ್ವನ ಆಜ್ಞೆ. ಅದರಲ್ಲಿ ಬಸ್ಸಿನ ಸದ್ದೊಂದೇ ಕೇಳಿಸುತ್ತದೆ.

ನಿಮ್ಮಪ್ಪ
ಗ್ಯಾನಪ್ಪ

*

ಕುಷ್ಟಗಿ
28 ಸೆಪ್ಟೆಂಬರ್ 2025, ರಾತ್ರಿ

ಅಪ್ಪ,

ನೀನು ಊರು ಮುಟ್ಟಿದೆ ಎಂದು ಹನುಮೇಶ ಹೇಳಿದ. ಊಟ ಮಾಡದೆ ಮಲಗಿದೆ ಎಂದೂ ಹೇಳಿದ.

ನಾನೇನು ತಪ್ಪು ಮಾಡಿದೆ? ಬೆಳಿಗ್ಗೆ ಎಷ್ಟು ಚೆನ್ನಾಗಿತ್ತು. ಶಾಹಜಾದಬಿ ಟೀಚರ್ ನಿನಗೆ ಕಿಟಕಿ ಬದಿಯ ಹೊಲಿಗೆ ಮಷೀನು ಕೊಟ್ಟರು. ನೀನು ಅಬ್ದುಲರೌಫರನ್ನು ಮೂವತ್ತು ನಡೆಯಲ್ಲಿ ಸೋಲಿಸಿದೆ. ಅವರು ಎದ್ದು ನಿಂತು, “ಏನ್ ಆಟ ಆಡ್ತಾರ್ರೀ ನಿಮ್ಮಪ್ಪಾರು! ನನ್ನ ಮೋಟರs ಸುಟ್ಟು ಹೋತು,” ಎಂದರು. ನಿನಗೆ ಕೇಳಿಸಲಿಲ್ಲ, ಆದರೂ ಸರಿಯಾದ ಜಾಗದಲ್ಲಿ ನಕ್ಕೆ. ನೀನು ಹಾಗೆ ನಕ್ಕದ್ದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ.

ಆಮೇಲೆ ನನ್ನ ಎದುರು ಕೂತೆ. ನೀನು ಗೆಲ್ಲುತ್ತಿದ್ದೆ. ಗೆಲ್ಲುವ ಆಟವನ್ನು ಅರ್ಧಕ್ಕೆ ಬಿಟ್ಟು, ಗಡಿಯಾರ ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟೆ. ನಾನು ಬಸ್‌ಸ್ಟ್ಯಾಂಡಿನ ತನಕ ಹಿಂದೆ ಬಂದರೂ ತಿರುಗಿ ನೋಡಲಿಲ್ಲ. ನಾನು ಬರೆದದ್ದನ್ನು ಕ್ಷಮಿಸಿದ್ದೀ ಎಂದುಕೊಂಡಿದ್ದೆ. ಎದುರು ಕೂತ ಮೇಲೆ ಎಲ್ಲ ಮತ್ತೆ ನೆನಪಾಯಿತೇ?

ಹಬ್ಬಕ್ಕೆ ಬರುವುದಿಲ್ಲ. ಡ್ಯೂಟಿ ಇದೆ.

ಹೇಮಾವತಿ

*

ಮುನಿರಾಬಾದ್
3 ಅಕ್ಟೋಬರ್ 2025

ಹೇಮವ್ವಗೆ,

ನಿನ್ನೆ ಬನ್ನಿ ಹಬ್ಬ. ಮನೆಗೆ ಬಂದವರೆಲ್ಲ ಬನ್ನಿ ಕೊಟ್ಟು ಬಂಗಾರದಂಗ ಇರೋಣು ಎಂದರು. ನಿನ್ನ ಪಾಲಿನ ಬನ್ನಿ ಈ ಕವರಿನಲ್ಲಿದೆ. ನಾವೂ ಬಂಗಾರದಂಗ ಇರೋಣು. ಆದರೆ ಮೊದಲು ಬೈಯುವುದಿದೆ.

ನಿನ್ನ ಹಳೆಯ ಮಾತು ನೆನಪಾಗಿ ನಾನು ಎದ್ದುಹೋಗಲಿಲ್ಲ. ಅದು ಮುಗಿದ ವಿಷಯ. ನೀನು ಬೇಕೆಂದೇ ಸೋಲುತ್ತಿದ್ದೆ. ಅದಕ್ಕೆ ಎದ್ದುಹೋದೆ.

ಇಲ್ಲ ಎನ್ನಬೇಡ. ಹದಿನಾಲ್ಕನೆಯ ನಡೆಗೆ ನಿನ್ನ ವಜೀರನನ್ನು ನನ್ನ ಒಂಟೆಯ ಬಾಯಿಗೆ ಇಟ್ಟೆ. ಆಮೇಲೆ, “ಅಯ್ಯೋ, ನೋಡಲಿಲ್ಲ,” ಎಂಬ ಮುಖ ಮಾಡಿದೆ. ಕಿವಿ ಹೋದವನಿಗೆ ಮುಖ ಓದುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಮುಖ ಬಿಡು, ಕಾಲನ್ನು ಹೇಗೆ ಮುಚ್ಚಿಡುತ್ತೀ? ಅಬ್ದುಲರೌಫರ ವಜೀರ ಹೋದಾಗ ಅವರ ಪೆಡಲಿನ ನಡುಕ ಹಲಗೆಯ ಮೂಲಕ ನನ್ನ ಅಂಗೈಗೆ ಬರುತ್ತಿತ್ತು. ನಿನ್ನ ವಜೀರ ಸತ್ತಾಗ ನಿನ್ನ ಪೆಡಲು ಅಲುಗಲೇ ಇಲ್ಲ.

ಅವತ್ತಿನದಕ್ಕೆ ಪರಿಹಾರ ಕೊಡಲು ಹೊರಟಿದ್ದೀ ಎಂದು ನನಗೆ ತಿಳಿಯಿತು. ನಿನ್ನ ಮನಸ್ಸು ಒಳ್ಳೆಯದು. ಆದರೆ ಹೇಮವ್ವ, ಮನೆಯಲ್ಲಿ ಎಲ್ಲರೂ ನನ್ನೊಂದಿಗೆ ಈಗ ಹೀಗೇ ನಡೆದುಕೊಳ್ಳುತ್ತಾರೆ. ನಾನು ಏನಂದರೂ ಹೂಂ ಎನ್ನುತ್ತಾರೆ. ತಿರುಗಿ ಹೇಳಿದರೆ ಮೂರು ಸಲ ಕೂಗಿ ಹೇಳಬೇಕಲ್ಲ, ಅದಕ್ಕೆ ಬಿಟ್ಟುಕೊಡುತ್ತಾರೆ. ಜಗಳವಾಡುವವರು ಒಬ್ಬರೂ ಉಳಿದಿಲ್ಲ. ಒಂದು ಹಲಗೆಯ ಮೇಲಾದರೂ ನನ್ನ ಜೊತೆ ಖರೆ ಜಗಳ ಆಡುವವರು ಸಿಗುತ್ತಾರೆ ಎಂದು ಅಷ್ಟು ದೂರ ಬಂದೆ. ಮೋಟರಿನವರು ಆಡಿದರು. ನನ್ನ ಮಗಳು ಆಡಲಿಲ್ಲ.

12ಕ್ಕೆ ಬರುತ್ತೇನೆ. ಬಿಟ್ಟುಕೊಡುವುದಾದರೆ ಈಗಲೇ ಬರೆ, ಬಸ್ಸು ಹತ್ತುವುದಿಲ್ಲ.

ನಿಮ್ಮಪ್ಪ
ಗ್ಯಾನಪ್ಪ

*

ಕುಷ್ಟಗಿ
6 ಅಕ್ಟೋಬರ್ 2025
(ಕಾರ್ಡು)

ಬಾ. ಬಿಡುವುದಿಲ್ಲ. ಸೋತು ಹೋಗುವಾಗ ಬಸ್ಸಿನಲ್ಲಿ ಅತ್ತರೂ ಅಡ್ಡಿಯಿಲ್ಲ, ಈಗ ಖಾಕಿ ಇಲ್ಲವಲ್ಲ.

ಹೇಮಾ

*

ಮುನಿರಾಬಾದ್
13 ಅಕ್ಟೋಬರ್ 2025

ಹೇಮವ್ವಗೆ,

ಸುರಕ್ಷಿತವಾಗಿ ಬಂದು ಮುಟ್ಟಿದೆ. ನಿಮ್ಮವ್ವ ಬಾಗಿಲಲ್ಲೇ ನಿಂತು ಏನಾಯಿತು ಎಂದು ಕೈಸನ್ನೆ ಮಾಡಿದಳು. ಸೋತೆ ಎಂದೆ. “ಸೋತು ಬಂದವ್ರು ಹಿಂಗ ಹಲ್ಲ ಕಿಸೀತಾರೇನು?” ಎಂದಳು. ಇದನ್ನು ಮೂರು ಸಲ ಕೂಗಿ ಹೇಳಿದಳು. ಹನುಮೇಶನಿಗೆ ಇಡೀ ಆಟವನ್ನು ರೊಟ್ಟಿ ಚೂರುಗಳಲ್ಲಿ ಹೂಡಿ ತೋರಿಸಿದೆ. ಅವನಿಗೆ ಒಂದೂ ತಿಳಿಯಲಿಲ್ಲ. ಆನೆಯನ್ನು ತಿಂದುಬಿಟ್ಟ.

ಮೂವತ್ತೊಂದನೆಯ ನಡೆಯ ಮೊದಲು ನೀನು ಹನ್ನೊಂದು ನಿಮಿಷ ಯೋಚಿಸಿದೆ. ನಾನು ಹಲಗೆಯ ಮೇಲೆ ಅಂಗೈ ಇಟ್ಟುಕೊಂಡೇ ಇದ್ದೆ. ಕೆಳಗೆ ಇಡೀ ಹೊಲಿಗೆ ತರಗತಿ ಒಂದೇ ಸಲ ಅಂಗಿ ಹೊಲಿದಂತೆ ನಡುಗುತ್ತಿತ್ತು. ಸುಖವಾಯಿತು. ಆಮೇಲೆ ನೀನು ಆನೆ ಕೊಟ್ಟು ನನ್ನ ರಾಜನನ್ನು ಮೂಲೆಗೆ ತಂದದ್ದು ನನಗೆ ಹೊಳೆಯಲೇ ಇಲ್ಲ. ಅದು ನಾನು ಕಲಿಸಿದ್ದಲ್ಲ, ನೀನೇ ಕಲಿತದ್ದು. ಅದಕ್ಕೆ ನನಗೆ ಹೊಟ್ಟೆ ತುಂಬಿತು.

ಬರುವ ಭಾನುವಾರದಿಂದ ನನ್ನ ಹೆಸರನ್ನೂ ಪಟ್ಟಿಯಲ್ಲಿ ಬರೆದುಕೊಳ್ಳಿ ಎಂದು ಶಾಹಜಾದಬಿ ಟೀಚರರಿಗೆ ಹೇಳಿ ಬಂದಿದ್ದೇನೆ. ಹೋಗುವ ಬರುವ ಬಸ್ಸು ಸೇರಿ ಮೂರು ತಾಸು. ಮನೆಯಲ್ಲಿ ಕೂತು ತಲೆಯಾಡಿಸುವುದಕ್ಕಿಂತ ಮೇಲು.

ಒಂದು ಮಾತು ಉಳಿದಿದೆ. ಆಟ ಮುಗಿದ ಕೂಡಲೇ ನೀನು ಎದ್ದು ನನ್ನ ಕಾಲು ಮುಟ್ಟಲು ಬಗ್ಗಿದೆ. ನಾನು ಕಾಲು ಹಿಂದೆ ಎಳೆದುಕೊಂಡು ಕೈ ಚಾಚಿದೆ. ಸೋತವರು ಗೆದ್ದವರ ಕೈ ಕುಲುಕಬೇಕು, ಅದು ಕಾಯ್ದೆ ಎಂದು ಜೋರಾಗಿ ಹೇಳಿದೆ. ಎಲ್ಲರೂ ನಕ್ಕರು, ನೀನೂ ನಕ್ಕೆ.

ಕಾಯ್ದೆ ಇರುವುದು ನಿಜ. ಆದರೆ ಕಾಯ್ದೆಗೋಸ್ಕರ ಕೈ ಚಾಚಲಿಲ್ಲ. ಗಂಗಾವತಿಯಲ್ಲಿ ಬಸ್ಸು ಹತ್ತುವಾಗ ನಿನ್ನ ಕೈ ಹಿಡಿಯಬೇಕೆಂದು ಬಹಳ ಅನಿಸಿತ್ತು. ಧೈರ್ಯವಾಗಲಿಲ್ಲ. ಆಮೇಲೆ ನೀನು ದೊಡ್ಡವಳಾದೆ. ನಮ್ಮ ಕಡೆ ಬೆಳೆದ ಮಗಳ ಕೈಯನ್ನು ಅಪ್ಪ ಸುಮ್ಮಸುಮ್ಮನೆ ಹಿಡಿಯುವುದಿಲ್ಲ. ನಿನ್ನೆ ಹಿಡಿದೆ. ನಡುಗುತ್ತಿತ್ತು. ಅದು ನಿಲ್ಲುವ ತನಕ ಬಿಡಲಿಲ್ಲ.

ನಿಮ್ಮಪ್ಪ
ಗ್ಯಾನಪ್ಪ